ಹಾಡುಗಾರನಿಲ್ಲದ ವೇದಿಕೆಯ ಮುಂದೆ

ಹಾಡುವವರೇ ಇಲ್ಲದ ರಾಕ್ ಕಾರ್ಯಕ್ರಮದಲ್ಲಿ ಒಂದು ವಿಚಿತ್ರ ಗಮನಿಸಿದ್ದೀರಾ? ಗಿಟಾರ್, ಬೇಸ್, ಡ್ರಮ್ಸ್ ನುಡಿಸುವ ಮೂವರು ವೇದಿಕೆ ಹತ್ತುತ್ತಾರೆ. ಮೈಕಿನ ಮುಂದೆ ಯಾರೂ ನಿಲ್ಲುವುದಿಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ಕೆಳಗೆ ಮಾತು ಶುರು: ಆಫೀಸಿನ ಅಪ್ರೈಸಲ್, ಹಿಂಜೇವಾಡಿಯ ಟ್ರಾಫಿಕ್, ಹಬ್ಬಕ್ಕೆ ಹುಬ್ಬಳ್ಳಿಗೆ ಸಿಗದ ಬಸ್ ಟಿಕೆಟ್. ಹಾಡುಗಾರನೊಬ್ಬ ಬಾಯಿ ತೆರೆದರೆ ಇದೇ ಜನ ಅತ್ತ ತಿರುಗುತ್ತಾರೆ. ಪದವಿದ್ದರೆ ಯಾರೋ ನಮಗೆ ಏನೋ ಹೇಳುತ್ತಿದ್ದಾರೆ. ಪದವಿಲ್ಲದಿದ್ದರೆ ಅದು ಬರೀ ಹಿನ್ನೆಲೆ.

ಎನ್‌ಎಚ್7 ವೀಕೆಂಡರ್ ಉತ್ಸವ 2010ರಲ್ಲಿ ಹುಟ್ಟಿದ್ದು ಪುಣೆಯಲ್ಲೇ. ಇಂಥ ಸಂಗೀತ ಈ ಊರಿಗೆ ಹೊಸದಲ್ಲ. ಹಾಗಾಗಿ ಇಲ್ಲಿ ಬದುಕುವ ನಮ್ಮಂಥವರು ಕೇಳಿಕೊಳ್ಳಬಹುದಾದ ಪ್ರಶ್ನೆಯಿದು: ನಮಗೆ ಅರ್ಥವಾಗುವ ಮಾತನ್ನು ಆಡದವರಿಗೂ ನಾವು ಗಮನ ಕೊಡಬೇಕೇ?

‘ದುಡ್ಡು ಕೊಟ್ಟು ಬಂದಿದ್ದೇನೆ, ಕೇಳುವುದು ಬಿಡುವುದು ನನ್ನಿಷ್ಟ. ಸಂಗೀತ ಚೆನ್ನಾಗಿದ್ದರೆ ಅದೇ ನನ್ನನ್ನು ಹಿಡಿದಿಡುತ್ತದೆ’ ಎನ್ನಬಹುದು. ಇದರಲ್ಲಿ ನ್ಯಾಯವಿದೆ. ಗಮನವೇನು ಬಲವಂತವಾಗಿ ವಸೂಲಿ ಮಾಡುವ ಸಾಲವಲ್ಲ. ಆದರೆ ಈ ಸಂಗೀತ ಕೆಲಸ ಮಾಡುವ ಬಗೆಯನ್ನೂ ನೋಡಬೇಕು. ಶಿಕಾಗೋದಲ್ಲಿ 2004ರಲ್ಲಿ ಶುರುವಾದ ರಷ್ಯನ್ ಸರ್ಕಲ್ಸ್ ಎಂಬ ಮೂವರ ತಂಡವಿದೆ. ಅದರ ಗಿಟಾರ್ ವಾದಕ ಒಂದು ಸಣ್ಣ ಸಾಲು ನುಡಿಸಿ, ಕಾಲಡಿಯ ಪೆಡಲಿನಿಂದ ಅದು ಮತ್ತೆಮತ್ತೆ ಕೇಳುವಂತೆ ಮಾಡಿ, ಅದರ ಮೇಲೆ ಇನ್ನೊಂದನ್ನು ಹೊದಿಸುತ್ತಾನೆ. ಮೊದಲ ಸಾಲಿಗೆ ಕಿವಿಗೊಡದವನಿಗೆ ಹತ್ತು ನಿಮಿಷದ ಮೇಲೆ ಬರುವ ಅಬ್ಬರ ಬರೀ ಗದ್ದಲ. ಕಿವಿಗೊಟ್ಟವನಿಗೆ ಅದು ಕಣ್ಣೆದುರೇ ಎದ್ದುನಿಂತ ಮನೆ. ‘ಮೊದಲು ಹಿಡಿದಿಡಲಿ, ಆಮೇಲೆ ಕೇಳುತ್ತೇನೆ’ ಎಂಬ ಷರತ್ತು ಇಲ್ಲಿ ನಡೆಯುವುದಿಲ್ಲ. ಕೇಳಿದವನನ್ನು ಮಾತ್ರ ಅದು ಹಿಡಿದಿಡಬಲ್ಲದು.

ಇದನ್ನು ತಿಳಿಯಲು ಶಿಕಾಗೋತನಕ ಹೋಗಬೇಕಿಲ್ಲ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಅವರ ಶಿಷ್ಯ, ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿ, ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಹಾಡಿದವರ ಮನೆಮಾತು ಕನ್ನಡ, ಕೇಳಿದವರದು ಹೆಚ್ಚಾಗಿ ಮರಾಠಿ, ಬಂದಿಶ್‌ಗಳೋ ಬಹುಪಾಲು ಬ್ರಜ ಭಾಷೆಯವು. ರಾಗ ಬೆಳೆಯುತ್ತ ಹೋದಂತೆ ಆ ಪದಗಳೂ ಆಕಾರದಲ್ಲಿ ಕರಗುತ್ತವೆ. ‘ಏನು ಹೇಳುತ್ತಿದ್ದಾನೆ’ ಎಂದು ಕೇಳದೆಯೇ ಪುಣೆಯ ಜನ ಗಂಟೆಗಟ್ಟಲೆ ಕೂತರು.

ಅವರಿಗೆ ಅದು ತಲೆಮಾರುಗಳಿಂದ ಬಂದ ಅಭ್ಯಾಸ, ನಿಜ. ಆದರೆ ಆ ಅಭ್ಯಾಸವೂ ಎಲ್ಲೋ ಒಂದು ಕಡೆ, ಏನೂ ತಿಳಿಯದೆ ಸುಮ್ಮನೆ ಕೂತು ಕೇಳಿದವನಿಂದಲೇ ಮೊದಲಾಗಿರಬೇಕಲ್ಲ? ‘ಸಂಗೀತಕ್ಕೆ ಭಾಷೆಯಿಲ್ಲ’ ಎಂಬ ಮಾತನ್ನು ನಾವು ತೀರಾ ಸಲೀಸಾಗಿ ಆಡುತ್ತೇವೆ. ನಮ್ಮ ಕಡೆಯಿಂದ ಶ್ರಮವೇ ಬೇಡ ಎಂದು ಅದಕ್ಕೆ ಅರ್ಥವಾದರೆ, ಅದು ಸೋಮಾರಿತನಕ್ಕೆ ಇಟ್ಟ ಚೆಂದದ ಹೆಸರು ಅಷ್ಟೇ.

ಇಷ್ಟೆಲ್ಲ ಹೇಳಿದ್ದು ಸಂಗೀತಕ್ಕಾಗಿ ಮಾತ್ರವಲ್ಲ. ಸೊಸೈಟಿಯ ಮೀಟಿಂಗಿನಲ್ಲಿ ಹರಕುಮುರುಕು ಮರಾಠಿಯಲ್ಲಿ ನೀರಿನ ಸಮಸ್ಯೆ ಹೇಳಲು ಎದ್ದವರಿಗೆ ಈ ಅನುಭವ ಗೊತ್ತು. ಎರಡನೇ ವಾಕ್ಯಕ್ಕೆ ಸುತ್ತಲಿನವರು ಮೊಬೈಲು ತೆಗೆಯುತ್ತಾರೆ. ಆಗ ನಾವೂ ಹಿನ್ನೆಲೆ. ಅದೇ ನಾವು, ಒಡಿಶಾದಿಂದ ಬಂದ ವಾಚ್‌ಮನ್ ತನ್ನ ಹಿಂದಿಯಲ್ಲಿ ತಡವರಿಸುತ್ತ ಏನನ್ನೋ ವಿವರಿಸುವಾಗ ‘ಹಾಂ ಹಾಂ, ಠೀಕ್ ಹೈ’ ಎಂದು ಲಿಫ್ಟಿನ ಗುಂಡಿ ಒತ್ತುತ್ತೇವೆ. ನಮ್ಮ ಬೆಂಗಳೂರಿನಲ್ಲೂ ನಡೆಯುವುದು ಇದೇ. ವಾದಕರಿಗೆ ಇದರಿಂದ ಆಗುವ ನಷ್ಟ ಒಂದು ಸಂಜೆಯದು. ವಾಚ್‌ಮನ್‌ನ ನಷ್ಟ ಅದಕ್ಕಿಂತ ದೊಡ್ಡದು. ಎರಡನ್ನೂ ಸಮ ಎನ್ನಲಾರೆ. ಆದರೆ ಎರಡರ ಹಿಂದಿರುವ ಲೆಕ್ಕ ಒಂದೇ: ಅರ್ಥವಾದರೆ ಗಮನ ಕೊಡುತ್ತೇನೆ.

ಆ ಲೆಕ್ಕ ತಿರುವುಮುರುವಾಗಿದೆ. ಗಮನ ಕೊಟ್ಟ ಮೇಲೆಯೇ ಅರ್ಥ ಹುಟ್ಟುವುದು, ಕೆಲವೊಮ್ಮೆ ಆಗಲೂ ಹುಟ್ಟದಿರಬಹುದು. ಕೇಳಿದ ಮೇಲೂ ಸಂಗೀತ ಹಿಡಿಸದಿದ್ದರೆ ಎದ್ದು ಹೋಗುವ ಸ್ವಾತಂತ್ರ್ಯ ಇದ್ದೇ ಇದೆ. ಆದರೆ ಎದುರಿಗಿರುವವರು ಏನೋ ಹೇಳುತ್ತಿದ್ದಾರೆ ಎಂದು ಮೊದಲು ನಂಬುವುದು ಕೃಪೆಯಲ್ಲ. ಪರಭಾಷೆಯ ಊರಿನಲ್ಲಿ ಬದುಕುವ ನಾವು ದಿನಾ ಇತರರಿಂದ ಬಯಸುವುದು ಅಷ್ಟನ್ನೇ.