ಸುಮ್ಮನೆ ನಿಂತ ಎತ್ತಿನ ಪಾಲು

ಕೆಲಸ ಮಾಡುವ ಎತ್ತಿಗೆ ಮೇವು ಹಾಕುವುದರಲ್ಲಿ ಧರ್ಮದ ಪ್ರಶ್ನೆ ಏನೂ ಇಲ್ಲ. ಹಾಕದಿದ್ದರೆ ನಾಳೆ ನೇಗಿಲು ಮುಂದಕ್ಕೆ ಹೋಗಲ್ಲ, ಅಷ್ಟೇ. ಹಾಲು ಕೊಡುವ ಹಸುವಿನ ಮಾತೂ ಹಾಗೇ. ಹಿಂಡಿ ಬೂಸಾ ಕಡಿಮೆ ಮಾಡಿದರೆ ಎರಡು ಮೂರು ದಿನದಲ್ಲಿ ಹಾಲಿನ ಪಾತ್ರೆಯೇ ಹೇಳುತ್ತದೆ. ಪ್ರಶ್ನೆ ಇರುವುದು ಸುಮ್ಮನೆ ನಿಂತ ದನದ ಬಗ್ಗೆ. ಉಳುಮೆ ಮುಗಿದಿದೆ, ಕೆಚ್ಚಲು ಬತ್ತಿದೆ, ಮುಂದಿನ ಮಳೆಗೆ ಇನ್ನೂ ಐದಾರು ತಿಂಗಳಿದೆ. ಆ ದನ ಏನೂ ಮಾಡುತ್ತಿಲ್ಲ, ಬದುಕಿದೆ. ಬರೀ ಬದುಕಿರೋಕೆ ಅದಕ್ಕೆ ಎಷ್ಟು ಬೇಕು? ಅಷ್ಟನ್ನು ಕೊಡಲೇಬೇಕು ಅಂತ ನಮ್ಮ ಮೇಲೆ ಕಟ್ಟು ಇದೆಯಾ?

ನಮ್ಮ ಸೆಟ್ಟೂರು, ಕಲ್ಯಾಣದುರ್ಗದ ಕಡೆಯವರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಅನಂತಪುರ ಜಿಲ್ಲೆಯ ಮಳೆ ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ. ಕಡ್ಲೆಕಾಯಿ ಜೊಳ್ಳಾದ ವರ್ಷವೂ "ಬಳ್ಳಿಯಾದ್ರೂ ಬಂತಲ್ಲ, ದನ ಉಳೀತಾವೆ" ಅಂತ ಸಮಾಧಾನ ಮಾಡಿಕೊಂಡ ಜನ ನಾವು. ಬಳ್ಳಿಯೂ ಬಾರದ ವರ್ಷ ಬಣವೆಯ ಜಾಗ ಬರಿದಾಗಿ ಕಾಣುತ್ತದೆ. ಆಗ ಈ ಪ್ರಶ್ನೆ ಗ್ವಾದಲಿಯ ಮುಂದೆ ನಿಂತು ಕೇಳುತ್ತದೆ.

ಎಷ್ಟು ಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಪಶುವೈದ್ಯರು ಇದನ್ನು ಶರೀರ ನಿರ್ವಹಣೆಯ ಆಹಾರ ಎನ್ನುತ್ತಾರೆ. ಮೈ ಏರಬಾರದು, ಇಳಿಯಬಾರದು, ಇದ್ದ ಮೈ ಇದ್ದಂಗೆ ಇರಬೇಕು. ಅದಕ್ಕೆ ಬೇಕಾದಷ್ಟು. ನಿಂತ ದನವೂ ಸುಮ್ಮನಿರುವುದಿಲ್ಲ ನೋಡಿ. ಗುಂಡಿಗೆ ಬಡಿಯುತ್ತದೆ, ಉಸಿರಾಡುತ್ತದೆ, ಮೈ ಬಿಸಿ ಕಾಪಾಡಿಕೊಳ್ಳುತ್ತದೆ, ಒಳಗೆ ಸವೆದದ್ದನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಇದಕ್ಕೆಲ್ಲ ಖರ್ಚು ಬೀಳುತ್ತದೆ. ನಾವು ಕೊಡದಿದ್ದರೆ ದನ ಆ ಖರ್ಚನ್ನು ನಿಲ್ಲಿಸಲಾರದು, ತನ್ನ ಮೈಯಿಂದಲೇ ತೆಗೆದು ಕೊಡುತ್ತದೆ. ಮೊದಲು ಕೊಬ್ಬು, ಆಮೇಲೆ ಮಾಂಸ. ಅಂದರೆ ನಾವು ಮೇವು ಉಳಿಸಿದೆವು ಅಂದುಕೊಂಡ ದಿನ ನಿಜಕ್ಕೂ ಉಳಿಸಿಲ್ಲ, ದನದಿಂದ ಸಾಲ ತೆಗೆದಿದ್ದೇವೆ. ಅದನ್ನು ಕೇಳದೆ ತೆಗೆದಿದ್ದೇವೆ.

ಈ ಲೆಕ್ಕ ಕಂಡುಹಿಡಿದದ್ದು ಸುಲಭವಾಗಿ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹೆನ್ರಿ ಆರ್ಮ್ಸ್‌ಬಿ ಎಂಬ ವಿಜ್ಞಾನಿ 1902ರಲ್ಲಿ ಎತ್ತು ಹಿಡಿಸುವಷ್ಟು ದೊಡ್ಡ ಪೆಟ್ಟಿಗೆಯಂಥ ಕೋಣೆ ಕಟ್ಟಿಸಿ, ಒಳಗೆ ನಿಲ್ಲಿಸಿದ ಎತ್ತಿನ ಮೈಯಿಂದ ಹೊರಬರುವ ಬಿಸಿಯನ್ನೇ ಅಳೆದ. ತಿಂದದ್ದನ್ನು ತೂಗಬೇಕು, ಸಗಣಿ ಗಂಜಳ ಒಂದು ತೊಟ್ಟೂ ಬಿಡದೆ ತೂಗಬೇಕು. ಎಷ್ಟು ಹಾಕಿದರೆ ತೂಕ ಏರದೆ ಇಳಿಯದೆ ನಿಲ್ಲುತ್ತದೆ ಅಂತ ವಾರಗಟ್ಟಲೆ ನೋಡಬೇಕು. ಕೆಲವು ಪ್ರಯೋಗಗಳಲ್ಲಿ ದನವನ್ನು ಉಪವಾಸ ಕೆಡವಿಯೇ ಅಳೆಯುತ್ತಾರೆ. ನಮ್ಮಲ್ಲೂ ಈ ಕೆಲಸ ನಡೆದಿದೆ, ನಡೆಯುತ್ತಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಇದಕ್ಕೆಂದೇ 1995ರಿಂದ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಎಲ್ಲೋ ಯಾವುದೋ ಎತ್ತು ಹಸಿದು ನಿಂತದ್ದರಿಂದ ನಮ್ಮ ಕೈಗೆ ಈ ಅಂಕಿ ಬಂದಿದೆ. ಬಂದ ಮೇಲೂ ನಾವು ಅದನ್ನು ಓದದೆ ಇಟ್ಟರೆ ಆ ಹಸಿವು ದಂಡವಾಯಿತು.

ಅಂಕಿ ಇಷ್ಟು. 300 ಕಿಲೋ ತೂಕದ ದನ ಸುಮ್ಮನೆ ನಿಂತಿದ್ದರೂ ದಿನಕ್ಕೆ ಸುಮಾರು 6 ಕಿಲೋ ಒಣ ಮೇವು ಬೇಕು. ಅದರಲ್ಲಿ ಜೀರ್ಣವಾಗಿ ಮೈಗೆ ಹತ್ತುವ ಅಂಶ ಸುಮಾರು 2.4 ಕಿಲೋ, ಜೀರ್ಣವಾಗುವ ಪ್ರೋಟೀನು 200 ಗ್ರಾಮಿನಷ್ಟು ಇರಬೇಕು. ಬತ್ತದ ಹುಲ್ಲು ಹೊಟ್ಟೆ ತುಂಬುತ್ತದೆ, ಆದರೆ ಜೀರ್ಣವಾಗುವ ಪ್ರೋಟೀನು ಅದರಲ್ಲಿ ಹೆಚ್ಚುಕಡಿಮೆ ಸೊನ್ನೆ. ನಮ್ಮ ಕಡ್ಲೆಕಾಯಿ ಬಳ್ಳಿ ಆ ಮಟ್ಟಿಗೆ ಭಾಗ್ಯವಂತ ಮೇವು. ತಕ್ಕಡಿ ಇಲ್ಲದವರು ದಾರದಲ್ಲೇ ತೂಕ ಹಿಡಿಯಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು ಅದನ್ನು ಅದರಿಂದಲೇ ಗುಣಿಸಿ, ಭುಜದಿಂದ ಪಿರ್ರೆಯವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಸುತ್ತಳತೆ 62, ಉದ್ದ 52 ಇದ್ದರೆ 303 ಕಿಲೋ. ಮೇಷ್ಟ್ರುಗಳು ಇದನ್ನು ಹುಡುಗರ ಕೈಲಿ ಮಾಡಿಸಬೇಕು. ಬಡ್ಡಿ ಲೆಕ್ಕಕ್ಕಿಂತ ಬೇಗ ಹತ್ತುತ್ತದೆ.

ಇನ್ನೊಂದು ಮಾತು, ನನಗೆ ಬಹಳ ದಿನ ತಲೆಯಲ್ಲಿ ಉಳಿದದ್ದು. ತೂಕ ಎರಡರಷ್ಟಾದರೆ ಮೇವೂ ಎರಡರಷ್ಟು ಬೇಕು ಅಂದುಕೊಳ್ಳುತ್ತೇವೆ. ಹಾಗಿಲ್ಲ. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಎಂಬಾತ ಇಲಿಯಿಂದ ಎತ್ತಿನವರೆಗೆ ಲೆಕ್ಕ ಹಾಕಿ ತೋರಿಸಿದ್ದೇನೆಂದರೆ, ಮೈ ಚಿಕ್ಕದಾದಷ್ಟೂ ಕಿಲೋ ಲೆಕ್ಕದಲ್ಲಿ ಹಸಿವು ಜಾಸ್ತಿ. 300 ಕಿಲೋದ ಒಂದು ಎತ್ತು, 30 ಕಿಲೋದ ಹತ್ತು ಕುರಿ, ತೂಕ ಒಂದೇ. ಆದರೆ ಅವನ ಸೂತ್ರದ ಪ್ರಕಾರ ಹತ್ತು ಕುರಿಗೆ ಒಂದು ಎತ್ತಿನ ಒಂದೂ ಮುಕ್ಕಾಲು ಪಾಲು ಬೇಕು. ತೂಕ ನೋಡಿ ಸಮನಾಗಿ ಹಂಚಿದೆ ಅಂದವನು ಚಿಕ್ಕದಕ್ಕೆ ಮೋಸ ಮಾಡಿರುತ್ತಾನೆ. ಸಮ ಅನ್ನುವುದೇ ಸರಿ ಅಲ್ಲ ಅನ್ನೋದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈ ಅಂಕಿಯಿಂದ ಅಪಾಯವೂ ಇದೆ. ನಮ್ಮ ಸೀಮೆಯಲ್ಲೇ ಅದು ಆಗಿಹೋಗಿದೆ, ದನಕ್ಕಲ್ಲ, ಮನುಷ್ಯರಿಗೆ. ಧಾತು ಸಂವತ್ಸರದ ಬರದಲ್ಲಿ, 1877ರ ಜನವರಿಯಲ್ಲಿ, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಮೇಲಿನ ಸರ್ಕಾರ ಮದ್ರಾಸ್ ಪ್ರಾಂತ್ಯಕ್ಕೆ ಕಳಿಸಿತು. ಆಗ ನಾವೆಲ್ಲ ಬಳ್ಳಾರಿ ಜಿಲ್ಲೆಯವರು, ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಬರಗಾಲದ ಕೆಲಸದಲ್ಲಿ ಕಲ್ಲು ಮಣ್ಣು ಹೊರುವ ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಅರ್ಧ ಆಣೆ ಸಾಕು ಅಂತ ಟೆಂಪಲ್ ಇಳಿಸಿದ. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಡಿಮೆ. ಪ್ರಾಂತ್ಯದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿ ಏರಿಸಬೇಕಾಯಿತು. ಅಷ್ಟರಲ್ಲಿ ಹೋದವರು ಹೋಗಿದ್ದರು.

ಅಲ್ಲಿ ತಪ್ಪು ಎಲ್ಲಿತ್ತು? ಅಳೆದದ್ದು ತಪ್ಪಲ್ಲ. ಕಾರ್ನಿಷನೂ ಅಳತೆಯ ಮಾತನ್ನೇ ಆಡಿದ. ಇದಕ್ಕಿಂತ ಕೆಳಗೆ ಇಳಿಯಬಾರದು ಅನ್ನುವ ಗೆರೆಯನ್ನು, ಇದಕ್ಕಿಂತ ಮೇಲೆ ಕೊಡಬೇಕಾಗಿಲ್ಲ ಅನ್ನುವ ಗೆರೆ ಮಾಡಿಕೊಂಡದ್ದು ತಪ್ಪು. ದನದ ಲೆಕ್ಕದಲ್ಲೂ ಇದೇ ನಡೆಯುತ್ತದೆ. 6 ಕಿಲೋ ಅನ್ನೋದು ನೆರಳಲ್ಲಿ ಕಟ್ಟಿಹಾಕಿದ, ರೋಗವಿಲ್ಲದ, ಮೈ ಚೆನ್ನಾಗಿರುವ ದನದ್ದು. ಒಣಗಿದ ಗುಡ್ಡದಲ್ಲಿ ದಿನವೆಲ್ಲ ಅಲೆದು ಬರುವ ಹಸುವಿಗೆ ಆ ಅಲೆದಾಟವೇ ಖರ್ಚು. ನಾಟಿ ದನ ಸೀಮೆ ದನಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆಯಲ್ಲಿ ಬಾಳುತ್ತದೆ ಅನ್ನುವುದು ನಿಜ. ಅರೆಹೊಟ್ಟೆ ಅಭ್ಯಾಸವಾದ ದನ ತನ್ನ ಒಳಗಿನ ಖರ್ಚನ್ನೂ ಸ್ವಲ್ಪ ಇಳಿಸಿಕೊಳ್ಳುತ್ತದೆ ಅನ್ನುವುದೂ ನಿಜ. ಅದಕ್ಕೇ ಅದಕ್ಕೆ ಕಡಿಮೆ ಹಾಕುತ್ತೇವೆ. ಸಹಿಸಿಕೊಂಡವರ ಪಾಲು ಸಣ್ಣದಾಗುವುದು ಕೊಟ್ಟಿಗೆಯಲ್ಲಿ ಮಾತ್ರ ಅಲ್ಲ. ಎಲ್ಲರದ್ದೂ ಊಟ ಆದ ಮೇಲೆ ಪಾತ್ರೆ ತಳ ಬಗ್ಗಿ ನೋಡುವ ಹೆಂಗಸರು ಯಾರ ಮನೆಯಲ್ಲಿ ಇಲ್ಲ?

ಈಗ ಕಷ್ಟದ ಪ್ರಶ್ನೆಗೆ ಬರುತ್ತೇನೆ. ಒಂದು ವರ್ಷ ನಮ್ಮ ದೊಡ್ಡಪ್ಪನ ಹತ್ತಿರ ಸಂಕ್ರಾಂತಿ ಹೊತ್ತಿಗೆ ಬಳ್ಳಿ, ಸಪ್ಪೆ ಎಲ್ಲ ಸೇರಿ ಮೂರು ಟನ್ನು ಮೇವು, ಆರು ರಾಸು. ಒಂದು ಜೊತೆ ಎತ್ತು, ಎರಡು ಹಸು, ಒಂದು ಬೆಳೆದ ಹೋರಿ, ಒಂದು ಮುದಿ ಎತ್ತು. ಮುದಿ ಎತ್ತು ಹದಿನಾಲ್ಕು ವರ್ಷ ಆ ಮನೆಯ ಹೊಲ ಉತ್ತದ್ದು. ನಾನು ಪೇಪರಿನ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಒಂದು ರಾಸಿಗೆ ದಿನಕ್ಕೆ 6 ಕಿಲೋ ಅಂದರೆ ಮಳೆ ಬರುವವರೆಗೆ 180 ದಿನಕ್ಕೆ 1,080 ಕಿಲೋ. ಮೂರು ಟನ್ನು ಮೂರು ರಾಸಿಗೂ ಪೂರ್ತಿ ಬಾರದು.

"ಇದ್ದದ್ರಲ್ಲಿ ಎಲ್ಲಕ್ಕೂ ಹಂಚಿ ಹಾಕ್ತೀನಿ ಕಣಪ್ಪ. ಒಂದಕ್ಕೆ ಹಾಕಿ ಒಂದನ್ನ ಬಿಡೋಕಾಗ್ತದಾ?" ಅಂದರು.

ಕೇಳಲು ಇದಕ್ಕಿಂತ ಧರ್ಮದ ಮಾತಿಲ್ಲ. ಆದರೆ ಆರಕ್ಕೆ ಹಂಚಿದರೆ ತಲೆಗೆ 2.8 ಕಿಲೋ, ಅರ್ಧಕ್ಕಿಂತ ಕಡಿಮೆ. ಬಲವಾದ ಎತ್ತು ಕೊಬ್ಬು ಕರಗಿಸಿಕೊಂಡು ಒಂದಷ್ಟು ತಿಂಗಳು ತಡೆಯಬಹುದು. ಮುದಿ ಎತ್ತಿನ ಹತ್ತಿರ ಕರಗಿಸಲು ಏನಿದೆ? ಸಮನಾಗಿ ಹಂಚಿದ ಮೇವಿನಲ್ಲಿ ಮೊದಲು ಬೀಳುವುದು ಅದೇ. ಅದು ತಿಂದ ಅಷ್ಟೂ ಮೇವು ಅದನ್ನೂ ಉಳಿಸಲಿಲ್ಲ, ಇನ್ನೊಂದನ್ನೂ ಉಳಿಸಲಿಲ್ಲ ಅನ್ನುವಂತಾಗುತ್ತದೆ. ನಾಲ್ಕಕ್ಕೆ ಹಂಚಿದರೆ ತಲೆಗೆ 4 ಕಿಲೋ ಚಿಲ್ಲರೆ. ಮೈ ಇಳಿಯುತ್ತದೆ, ಪಕ್ಕೆ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಜೀವ ನಿಲ್ಲುತ್ತದೆ. ಹಾಗಾದರೆ ಎರಡನ್ನು ಮಾರಬೇಕು. ಯಾವ ಎರಡು? ಸಂತೆಯ ಬುದ್ಧಿ ಮುದಿಯದನ್ನು ಮಾರು ಅನ್ನುತ್ತದೆ. ಆ ವಯಸ್ಸಿನ ಎತ್ತನ್ನು ಸಂತೆಯಲ್ಲಿ ಕೊಳ್ಳುವವನು ಉಳುವುದಕ್ಕೆ ಕೊಳ್ಳುವುದಿಲ್ಲ ಅಂತ ಮಾರುವವನಿಗೂ ಗೊತ್ತು.

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಓದುವ ಮನೆಗೆ ಬಂದು ಜಗಳ ಆಡಬಹುದು. ಮುದಿ ಎತ್ತಿಗೆ ಹಾಕುವ ಮೇವು ದಾನವಲ್ಲ, ಬಾಕಿ. ಹದಿನಾಲ್ಕು ವರ್ಷದಲ್ಲಿ ಎಷ್ಟು ಬೇಸಿಗೆ ಅದಕ್ಕೆ ಆರರ ಬದಲು ನಾಲ್ಕು ಹಾಕಿದ್ದೇವೆ? ಅದು ಮೈಯಿಂದ ಕೊಟ್ಟು ತಡೆದುಕೊಂಡಿತಲ್ಲ, ಅದೆಲ್ಲ ನಮ್ಮ ಲೆಕ್ಕದಲ್ಲಿ ಸಾಲವಾಗಿಯೇ ಇದೆ. ಸಾಲ ತೀರಿಸುವ ಕಾಲಕ್ಕೆ ಸಾಲ ಕೊಟ್ಟವನನ್ನೇ ಮಾರುವುದು ಯಾವ ನ್ಯಾಯ? ಹೋರಿಯನ್ನೂ ಒಂದು ಹಸುವನ್ನೂ ಮಾರಿದರೆ ಅವು ಇನ್ನೊಬ್ಬರ ಮನೆಯಲ್ಲಿ ಬಾಳುತ್ತವೆ, ಅವಕ್ಕೆ ಬೆಲೆಯೂ ಇದೆ. ಆದರೆ ಆ ಬೆಲೆ ಸಂಕ್ರಾಂತಿಯಲ್ಲಿ ಇರುತ್ತದೆ, ಯುಗಾದಿ ಕಳೆದು ಎಲ್ಲರೂ ಒಟ್ಟಿಗೆ ಸಂತೆಗೆ ಹೊಡೆದಾಗ ಇರುವುದಿಲ್ಲ. ಅದಕ್ಕೇ ಲೆಕ್ಕವನ್ನು ಬಣವೆ ತುಂಬಿರುವಾಗ ಹಾಕಬೇಕು. ಬಣವೆ ಕರಗುವವರೆಗೂ ನೋಡೋಣ ಅನ್ನುವುದನ್ನು ನಾವು ಕರುಣೆ ಅಂದುಕೊಳ್ಳುತ್ತೇವೆ. ಬಹಳ ಸಲ ಅದು ಲೆಕ್ಕಕ್ಕೆ ಹೆದರಿದ್ದು.

ಇದಕ್ಕೆ ಒಂದು ಆಕ್ಷೇಪಣೆ ಇದೆ, ಅದು ಗಟ್ಟಿಯಾದದ್ದೇ. ಒಂದು ಬಡ ಮನೆಗೆ ಬೆಳೆಯುವ ಹೋರಿ ಮಾರಿ ಮುದಿ ಎತ್ತು ಇಟ್ಟುಕೋ ಅಂತ ಹೇಳುವ ಹಕ್ಕು ಯಾರಿಗಿದೆ? ಆ ಮನೆಯ ಮಕ್ಕಳ ಪಾಲು ಯಾರು ಕೊಡುತ್ತಾರೆ? ಇದಕ್ಕೆ ಉತ್ತರ ಒಂದು ಮನೆಯೊಳಗೆ ಸಿಗುವುದಿಲ್ಲ. ಗಡಿಯಾಚೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡರು ದೇವರ ಎತ್ತುಗಳ ಹಿಂಡನ್ನೇ ಸಾಕಿಕೊಂಡು ಬಂದಿದ್ದಾರೆ. ಅವನ್ನು ಹೂಡುವುದಿಲ್ಲ. ಕಿಲಾರಿ ಅವುಗಳ ಹಿಂದೆಯೇ ಇರುತ್ತಾನೆ. ಲಾಭದ ಲೆಕ್ಕದಲ್ಲಿ ಅವೆಲ್ಲ ಸುಮ್ಮನೆ ನಿಂತ ದನಗಳೇ. ಬರ ಬಂದಾಗ ಅವುಗಳ ಮೇವಿಗೂ ಪರದಾಟ ಆಗುತ್ತದೆ, ಆದರೆ ಆ ಪರದಾಟ ಇಡೀ ಕುಲದ್ದು, ಒಬ್ಬನದಲ್ಲ. ದೇವರ ಹೆಸರು ಇಟ್ಟಿದ್ದರಿಂದ ಅದು ಸಾಧ್ಯವಾಯಿತೋ, ಪಾಲು ಹಂಚಿಕೊಂಡಿದ್ದರಿಂದ ಸಾಧ್ಯವಾಯಿತೋ ಅಂತ ನಾನು ಯೋಚಿಸುತ್ತಿರುತ್ತೇನೆ. ಸರ್ಕಾರದ ಬರ ಪರಿಹಾರದ ನಿಯಮದಲ್ಲೂ ದನಕ್ಕೆ ಪಾಲಿದೆ. 2015ರಿಂದ ಇದ್ದ ಲೆಕ್ಕದಲ್ಲಿ ಶಿಬಿರದ ದೊಡ್ಡ ರಾಸಿಗೆ ದಿನಕ್ಕೆ 70 ರೂಪಾಯಿ, ಸಣ್ಣದಕ್ಕೆ 35. ಆ ದುಡ್ಡಿಗೆ ಆ ದಿನದ ಬೆಲೆಯಲ್ಲಿ ಎಷ್ಟು ಕಿಲೋ ಬಂತು ಅಂತ ಶಿಬಿರದ ಬಾಗಿಲಲ್ಲಿ ತಕ್ಕಡಿ ಇಟ್ಟು ಕೇಳುವ ಕೆಲಸ ನಮ್ಮದು.

ದೊಡ್ಡಪ್ಪ ಆ ಸಲ ಹೋರಿಯನ್ನು ಮಾರಿದರು. ಹಸುವನ್ನು ಪಾವಗಡದ ಕಡೆ ಇದ್ದ ಮಗಳ ಮನೆಗೆ ಹೊಡೆದರು, ಅಲ್ಲಿ ಬೋರಿನಲ್ಲಿ ನೀರಿತ್ತು. ಮುದಿ ಎತ್ತು ಉಳಿಯಿತು. ನನ್ನ ಲೆಕ್ಕದಿಂದ ಹಾಗೆ ಮಾಡಿದರು ಅಂತ ನಾನು ಹೇಳಲಾರೆ. ಆ ಪೇಪರನ್ನು ಅವರು ಮಡಿಸಿ ಸೂರಿಗೆ ಸಿಕ್ಕಿಸಿದ್ದರು. ಬೇಸಿಗೆಯಲ್ಲಿ ನಾನು ಹೋದಾಗ ನಾಲ್ಕು ರಾಸಿಗೂ ಮೇವನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಿದ್ದರು. ಮುದಿ ಎತ್ತಿನ ಪಾಲು ತೂಗುವಾಗ ಮಾತ್ರ ಕಲ್ಲಿನ ತಟ್ಟೆ ಮೇಲಕ್ಕೇ ಇತ್ತು.

"ದೊಡ್ಡಪ್ಪ, ಅದು ಐದು ದಾಟ್ತು" ಅಂದೆ.

"ಹಲ್ಲಿಲ್ಲ ಅದಕ್ಕೆ. ಅರ್ಧ ಕೆಳಗೆ ಬೀಳಿಸ್ತದೆ" ಅಂದರು. ಬೀಳಿಸಿದ್ದನ್ನು ಗುಡಿಸಿ ಮತ್ತೆ ಅದಕ್ಕೇ ಹಾಕುತ್ತಿದ್ದರು.