ತಂಗಳು ಯಾರ ಪಾಲು?

ಒಂದೇ ಬೀದಿಯಲ್ಲಿ ಎರಡು ಮನೆಗಳು ಉಂಟೆಂದು ಎಣಿಸಿರಿ. ಎರಡರಲ್ಲಿಯೂ ಅಕ್ಕಿಯನ್ನು ಅಳೆದು ಹಾಕುತ್ತಾರೆ. ಹೀರೇಕಾಯಿಯ ಸಿಪ್ಪೆಯನ್ನು ಎಸೆಯದೆ ಚಟ್ನಿ ಅರೆಯುತ್ತಾರೆ. ರಾತ್ರಿ ಮಿಕ್ಕ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುತ್ತಾರೆ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. ಆದರೂ ಊರವರು ಒಂದನ್ನು ಹದವಾದ ಮನೆವಾರ್ತೆಯೆಂದು ಹೊಗಳುತ್ತಾರೆ, ಮತ್ತೊಂದನ್ನು ಜಿಪುಣರ ಮನೆಯೆಂದು ಹಳಿಯುತ್ತಾರೆ. ಒಲೆಯ ಮೇಲಿನ ಕೆಲಸವು ಒಂದೇ ಆಗಿರಲಾಗಿ ಈ ಭೇದವು ಎಲ್ಲಿಂದ ಬಂತು? ಮಿತವ್ಯಯಕ್ಕೂ ಲೋಭಕ್ಕೂ ನಡುವೆ ಇರುವ ಗಡಿ ಯಾವದು? ಇದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಮಿತವ್ಯಯದ ಪಕ್ಷವಾಗಿ ಹೇಳತಕ್ಕದ್ದನ್ನು ಹೇಳಬೇಕು. ಅದು ಬರೀ ಹಣದ ಉಳಿತಾಯವಲ್ಲ, ಬುದ್ಧಿಯ ಕೆಲಸ. ಮಾಗಿಯ ಚಳಿಯಲ್ಲಿ ಸೊಗಡಿನ ಅವರೇಕಾಯಿ ಅಗ್ಗವಾದಾಗ ಅದನ್ನೇ ಸಾರಿಗೂ ಉಪ್ಪಿಟ್ಟಿಗೂ ಹಾಕುವದು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವದು. ಹಲಸಿನ ತೊಳೆಯನ್ನು ತಿಂದ ಮೇಲೆ ಬೀಜವನ್ನು ಮಳೆಗಾಲದ ಹುಳಿಗೆ ಕಾದಿಡುವದು. ಕರಾವಳಿಯವರು ಸೌತೆಕಾಯಿಗಳನ್ನು ಕಟ್ಟಿ ಮಾಡಿನಿಂದ ತೂಗಬಿಡುವದು. ಬಡಗಣ ಸೀಮೆಯವರು ಜೋಳದ ರೊಟ್ಟಿಯನ್ನು ಗರಿಗರಿಯಾಗಿ ಒಣಗಿಸಿ ಬುಟ್ಟಿಯಲ್ಲಿ ಇಡುವದು. ಇವೆಲ್ಲಾ ಮುಂದಾಲೋಚನೆಯ ಫಲಗಳು. ಬಸ್ಸಾರನ್ನು ನೋಡಿರಿ. ಸೊಪ್ಪನ್ನೂ ಕಾಳನ್ನೂ ಕೂಡಿಸಿ ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ; ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಉರಿ ಒಂದು, ಪದಾರ್ಥ ಎರಡು. ಸೊಪ್ಪಿನ ಸತ್ವದಲ್ಲಿ ಒಂದು ಪಾಲು ಬೇಯಿಸಿದ ನೀರಿಗೆ ಇಳಿಯುವದರಿಂದ ಆ ನೀರನ್ನು ಚೆಲ್ಲದವಳು ಸತ್ವವನ್ನೂ ಚೆಲ್ಲಲಿಲ್ಲ.

ಆದರೆ ಯಾವನಾದರೂ, ಇದೆಲ್ಲಾ ಬಡತನದ ನಿರ್ಬಂಧವಲ್ಲವೋ, ಇದರಲ್ಲಿ ಸದ್ಗುಣವೇನು? ಎಂದು ಕೇಳಿಯಾನು. ಈ ಮಾತಿನಲ್ಲಿ ಸತ್ಯವುಂಟು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಪ್ರಜೆಗಳು 50 ಲಕ್ಷಕ್ಕೂ ಹೆಚ್ಚಾಗಿದ್ದರು. 1876–78ರಲ್ಲಿ, ಧಾತು ಈಶ್ವರ ಸಂವತ್ಸರಗಳ ಘೋರವಾದ ಬರ ಬಂತು. 1881ರಲ್ಲಿ ಎಣಿಸುವಾಗ ಅವರು 42 ಲಕ್ಷಕ್ಕೂ ಕಡಿಮೆಯಾಗಿದ್ದರು. ಇಂಥಾ ಹಸಿವನ್ನು ಕಂಡ ನಾಡಿನಲ್ಲಿ ನೆಲದ ಮೇಲೆ ಬಿದ್ದ ಕಾಳನ್ನು ಹೆಕ್ಕುವದು ಆಶ್ಚರ್ಯವಲ್ಲ. ಹೆದರಿಕೆಯೇ ಅದಕ್ಕೆ ಉಪಾಧ್ಯಾಯನು. ಹಾಗಾದರೆ ಹೆದರಿಕೆ ಹೋದ ಮೇಲೆ ಏನಾಗುವದು? ವಿಶ್ವಸಂಸ್ಥೆಯ ಪರಿಸರ ಶಾಖೆಯವರು 2024ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 2022ನೇ ಒಂದೇ ವರುಷದಲ್ಲಿ ಲೋಕದೊಳಗೆ 105 ಕೋಟಿ ಟನ್ನು ಆಹಾರವು ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಲ್ಲಿಯೇ ಹಾಳಾಯಿತು. ಆದದರಿಂದ ನಿರ್ಬಂಧವಿಲ್ಲದಿರುವಾಗಲೂ ಅನ್ನವನ್ನು ಚೆಲ್ಲದಿರುವವನಲ್ಲಿಯೇ ಮಿತವ್ಯಯವು ಸದ್ಗುಣವೆನಿಸಿಕೊಳ್ಳುವದು. ಉತ್ತವನ ಬೆವರನ್ನೂ ಕಳೆ ಕಿತ್ತವಳ ಬೆನ್ನುನೋವನ್ನೂ ಅವನು ತನ್ನ ತಟ್ಟೆಯಲ್ಲಿ ಕಾಣುತ್ತಾನೆ.

ಇಷ್ಟಾದರೂ ನಮ್ಮ ಮೊದಲನೆಯ ಪ್ರಶ್ನೆ ತೀರಲಿಲ್ಲ. ಲೋಭಿಯೂ ಚೆಲ್ಲುವದಿಲ್ಲ. ಭೇದವನ್ನು ಪಾತ್ರೆಯೊಳಗೆ ಹುಡುಕಿದರೆ ಅದು ಸಿಕ್ಕದು, ಸೌಟಿನಲ್ಲಿ ಹುಡುಕಬೇಕು. ಉಳಿಸಿದ್ದು ಎಷ್ಟು ಎಂಬದಲ್ಲ, ಆ ಉಳಿತಾಯದ ಭಾರವು ಯಾರ ತಟ್ಟೆಯ ಮೇಲೆ ಬಿತ್ತು ಎಂಬದೇ ಪರೀಕ್ಷೆ.

ನಮ್ಮ ಮನೆಗಳ ಪದ್ಧತಿಯನ್ನು ಯಥಾರ್ಥವಾಗಿ ನೋಡೋಣ. ಅನೇಕ ಮನೆಗಳಲ್ಲಿ ಬಿಸಿಯಾದದ್ದು ಮೊದಲು ಯಜಮಾನನಿಗೆ, ಬಳಿಕ ಗಂಡುಮಕ್ಕಳಿಗೆ, ಆಮೇಲೆ ಅತ್ತೆಗೆ ಬಡಿಸಲ್ಪಡುತ್ತದೆ. ಸೊಸೆಯು ಕಡೆಯಲ್ಲಿ ಕೂತು ತಳದ ಸೀಕನ್ನೂ ನಿನ್ನೆಯ ತಂಗಳನ್ನೂ ತಿಳಿ ಮಜ್ಜಿಗೆಯನ್ನೂ ಉಣ್ಣುತ್ತಾಳೆ. ಆಕೆಯು, ನನಗೆ ಹಸಿವಿಲ್ಲ, ಎಂದು ಹೇಳುವದನ್ನು ಎಲ್ಲರೂ ನಂಬುತ್ತಾರೆ. ಯಾಕಂದರೆ ನಂಬುವದು ಸುಲಭವಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರೊಳಗೆ ನೂರಕ್ಕೆ 57 ಮಂದಿಗೂ, ಅದೇ ಪ್ರಾಯದ ಗಂಡಸರೊಳಗೆ ನೂರಕ್ಕೆ 25 ಮಂದಿಗೂ ರಕ್ತಹೀನತೆ ಇತ್ತು. ಇದಕ್ಕೆ ಶರೀರಧರ್ಮದ ಕಾರಣಗಳು ಉಂಟೆಂಬದು ನಿಜ. ಮುಟ್ಟು, ಬಸುರು, ಹೆರಿಗೆಗಳಿಂದ ಸ್ತ್ರೀಯು ರಕ್ತವನ್ನು ಕಳೆದುಕೊಳ್ಳುತ್ತಾಳೆ. ಹಾಗಾದರೆ ಸೊಪ್ಪೂ ಕಾಳೂ ಆಕೆಗೆ ಹೆಚ್ಚಾಗಿ ಸಲ್ಲಬೇಕಾಗಿತ್ತು. ಯಾರಿಗೆ ಹೆಚ್ಚು ಬೇಕೋ ಅವಳಿಗೇ ಮಿಕ್ಕದ್ದು ಸಿಕ್ಕಿದರೆ ಅದು ಮಿತವ್ಯಯವೋ? ಅಲ್ಲ, ಅದು ಒಬ್ಬಳ ಹಸಿವಿನಿಂದ ಎಲ್ಲರ ಲೆಕ್ಕವನ್ನು ಸರಿತೂಗಿಸುವದು.

ಇದೇ ಮಾತು ಹೊಲದ ಕೂಲಿಯವರಿಗೂ ಸಲ್ಲುತ್ತದೆ. ಮನೆಯವರು ಮೂಸಿ ನೋಡಿ ಪಕ್ಕಕ್ಕೆ ತಳ್ಳಿದ ಅನ್ನವನ್ನು ಹಿತ್ತಲ ಬಾಗಿಲಲ್ಲಿ ಆಳಿಗೆ ಸುರಿದು ಧರ್ಮ ಮಾಡಿದೆವೆಂದು ಎಣಿಸುವವರು ಉಂಟು. ಅಂಥಾ ಅನ್ನವನ್ನು ಕೈಯೊಡ್ಡಿ ತೆಗೆದುಕೊಂಡ ಹಿರಿಯರು ಎಷ್ಟೋ ಕುಟುಂಬಗಳಲ್ಲಿ ಇದ್ದರು. ಅದರ ರುಚಿ ಎಂಥಾದ್ದೆಂದು ಅವರ ಮಕ್ಕಳಿಗೆ ಬೇರೆಯವರು ಹೇಳಬೇಕಾಗಿಲ್ಲ. ಇದಲ್ಲದೆ ಅಪಾಯವೂ ಉಂಟು. ಬೆಂದರೂ ಸಾಯದ ಕೆಲವು ಸೂಕ್ಷ್ಮ ಜೀವಿಗಳು ಅಕ್ಕಿಯಲ್ಲಿ ಇರುತ್ತವೆ. ಬೆಚ್ಚಗಿನ ಅನ್ನವನ್ನು ಬಹಳ ಹೊತ್ತು ಬಿಟ್ಟರೆ ಅವು ಹೆಚ್ಚಿ ವಿಷವನ್ನು ಉಂಟುಮಾಡಬಹುದು. ಆ ವಿಷವು ಮತ್ತೆ ಕಾಯಿಸಿದರೂ ಹೋಗದು. ಆದದರಿಂದ ಮಿಕ್ಕ ಅನ್ನವನ್ನು ಬೇಗ ಆರಿಸಿ ತಂಪಾದ ಸ್ಥಳದಲ್ಲಿ ಮುಚ್ಚಿಡಬೇಕು, ಬೆಳಿಗ್ಗೆಯೇ ತೀರಿಸಬೇಕು. ಸಂಶಯ ಹುಟ್ಟಿದ್ದನ್ನು ತಿಪ್ಪೆಗೆ ಹಾಕಬೇಕೇ ಹೊರತು ಮನುಷ್ಯನಿಗೆ ಹಾಕಬಾರದು. ನನ್ನ ಮಗುವಿಗೆ ಕೊಡಲಾರದ್ದನ್ನು ಪರರ ಮಗುವಿಗೆ ಕೊಟ್ಟರೆ ಅದು ದಾನವೆನಿಸದು.

ದಾನಕ್ಕೆ ಒಂದು ಒಳ್ಳೇ ಮಾದರಿಯು ಈಶಾನ್ಯದ ಮಿಜೋರಾಮ್ ಸೀಮೆಯಲ್ಲಿದೆ. ಅಲ್ಲಿಯ ಸಭೆಯ ಸ್ತ್ರೀಯರು 1910ರಲ್ಲಿ ಒಂದು ಪದ್ಧತಿಯನ್ನು ಆರಂಭಿಸಿದರು. ಅದೇನಂದರೆ, ಅಡಿಗೆ ಮಾಡುವಾಗಲೆಲ್ಲಾ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಟ್ಟು, ಕೂಡಿದ್ದನ್ನು ಸಭೆಗೆ ಕೊಡುವದು. ಇದಕ್ಕೆ ಬುಹ್‌ಫಾಯ್ ಥಾಮ್ ಎಂದು ಹೆಸರು. ಇದು ಇಂದಿಗೂ ನಡೆದು ಬಂದಿದೆ. ಇದರಲ್ಲಿ ಗಮನಿಸತಕ್ಕದ್ದು ಹಿಡಿಯ ಅಳತೆಯಲ್ಲ, ತೆಗೆಯುವ ಹೊತ್ತು. ಅವರು ಉಂಡ ಮೇಲೆ ಮಿಕ್ಕದ್ದನ್ನು ಕೊಡುವದಿಲ್ಲ; ಎಸರಿಗೆ ಹಾಕುವದಕ್ಕೆ ಮುಂಚೆ ಒಳ್ಳೇ ಅಕ್ಕಿಯಲ್ಲಿಯೇ ಪಾಲು ತೆಗೆಯುತ್ತಾರೆ. ಮಿಕ್ಕದ್ದು ನಮಗೆ, ಮೊದಲನೆಯದು ಪರರಿಗೆ: ಲೋಭಿಯ ಲೆಕ್ಕವು ಇದಕ್ಕೆ ತಲೆಕೆಳಗಾದದ್ದು.

ಹೀಗಿರಲಾಗಿ, ಪ್ರಿಯರೇ, ಅಳೆದು ಹಾಕಿರಿ, ಸಿಪ್ಪೆಯನ್ನೂ ಕಟ್ಟನ್ನೂ ವ್ಯರ್ಥ ಮಾಡಬೇಡಿರಿ. ಆದರೆ ಬಡಿಸುವದಕ್ಕೆ ಮುಂಚೆ ಪಾತ್ರೆಯಲ್ಲಿರುವದನ್ನು ಎಲ್ಲರಿಗೂ ಪಾಲು ಮಾಡಿರಿ. ಅಡಿಗೆ ಮಾಡಿದವಳ ಪಾಲನ್ನೂ ಆಗಲೇ ತೆಗೆದಿಡಿರಿ. ಸಾಧ್ಯವಾದ ಮಟ್ಟಿಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿರಿ. ತಂಗಳು ಉಳಿದರೆ ಅದನ್ನು ಎಲ್ಲರೂ ಹಂಚಿಕೊಳ್ಳಿರಿ, ಇಲ್ಲವೆ ಸರದಿಯಿಂದ ತೀರಿಸಿರಿ. ಯಜಮಾನನ ಸರದಿಯು ಮೊದಲನೆಯದಾಗಲಿ. ತಂಗಳು ತನ್ನ ತಟ್ಟೆಗೂ ಬೀಳುವದೆಂದು ತಿಳಿದ ಮನೆಯಲ್ಲಿ ಅನ್ನವು ಹದವಾಗಿ ಬೇಯುವದು, ಮಿಕ್ಕದ್ದು ಚೊಕ್ಕಟವಾಗಿ ಮುಚ್ಚಲ್ಪಡುವದು, ಒಬ್ಬರ ಹಸಿವನ್ನು ಮತ್ತೊಬ್ಬರು ಕೇಳಿ ತಿಳಿಯುವರು. ಆ ಮನೆಯನ್ನು ಯಾರೂ ಜಿಪುಣರ ಮನೆಯೆಂದು ಕರೆಯಲಾರರು.