ಕೊಸರು

ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ. ಚಿಕ್ಕಂದಿನಿಂದ ಕೇಳಿದ ಈ ಮಾತಿನಲ್ಲಿ ತೊಡಕೇನಾದರೂ ಇದೆ ಎಂದು ಘಾನಾಕ್ಕೆ ಹೋಗುವವರೆಗೆ ನನಗೆ ಅನಿಸಿರಲಿಲ್ಲ.

ನಮ್ಮ ಮಂಗಳೂರಿನ ಸಭೆಗೂ ಆ ದೇಶಕ್ಕೂ ಹಳೆಯ ನಂಟಿದೆ. ಬಾಸೆಲ್ ಮಿಷನ್ನಿನವರು 1828ರಲ್ಲಿ ಅಲ್ಲಿನ ಕರಾವಳಿಗೆ, 1834ರಲ್ಲಿ ನಮ್ಮ ಕರಾವಳಿಗೆ ಬಂದಿಳಿದರು. ಅಲ್ಲಿನ ಟ್ವಿ ಭಾಷೆಗೆ ಕ್ರಿಸ್ಟಾಲರ್ 1881ರಲ್ಲಿ ನಿಘಂಟು ಮಾಡಿಕೊಟ್ಟರೆ, ಕನ್ನಡಕ್ಕೆ ಕಿಟ್ಟೆಲ್ 1894ರಲ್ಲಿ ಮಾಡಿಕೊಟ್ಟರು. ಆ ನಂಟಿನ ನೆಪದಲ್ಲೇ ನಾವು ಆರು ಮಂದಿ ಸೇವೆಗೆಂದು ಹೊರಟದ್ದು. ನನ್ನ ಪೆಟ್ಟಿಗೆಯಲ್ಲಿ ಅರ್ಧ ಹಳೆಯ ಬಟ್ಟೆ. 'ಪಾಪ, ಅಲ್ಲಿಯವರಿಗೆ ಆಗುತ್ತದೆ' ಎಂದು ಸಭೆಯವರು ಒಗೆದು, ಇಸ್ತ್ರಿ ಹಾಕಿ ಕೊಟ್ಟದ್ದು.

ಶನಿವಾರ ಅಕ್ರಾ ನಗರದ ಕಾಂಟಮಾಂಟೊ ಮಾರುಕಟ್ಟೆಗೆ ಹೋದೆವು. ಹೊರದೇಶದವರು ಬೇಡವೆಂದು ಬಿಟ್ಟ ಬಟ್ಟೆಗಳ ಮಹಾಸಂತೆ ಅದು. ವ್ಯಾಪಾರಿಗಳು ಮೂಟೆಯೊಳಗೇನಿದೆ ಎಂದು ನೋಡದೆಯೇ ದುಡ್ಡು ಕೊಡಬೇಕು. ಬಿಚ್ಚಿದಾಗ ಹರಕಲು ಬಂದರೆ ನಷ್ಟ ಅವರದೇ. ಈ ಬಟ್ಟೆಗೆ ಅಲ್ಲಿಯ ಜನ ಇಟ್ಟ ಹೆಸರು 'ಒಬ್ರೊನಿ ವಾವು', ಸತ್ತ ಬಿಳಿಯರ ಬಟ್ಟೆ. ಬದುಕಿದ್ದವರು ಇಷ್ಟೊಂದು ಬಿಸಾಡುವುದುಂಟೇ ಎಂಬ ಅನುಮಾನ ಆ ಹೆಸರಿನಲ್ಲಿದೆ. ಪರದೇಶದವಳೆಂದು ನನ್ನನ್ನೂ 'ಒಬ್ರೊನಿ' ಎಂದೇ ಕರೆದರು. ನನ್ನ ಪೆಟ್ಟಿಗೆ ನೆನಪಾಗಿ ನಾಚಿಕೆಯಾಯಿತು.

ಹೊರಗೆ ಒಬ್ಬಾಕೆಯ ಬಳಿ ಕಿತ್ತಳೆ ಕೊಂಡೆ. ದುಡ್ಡು ಎಣಿಸಿಕೊಂಡ ಮೇಲೆ ಆಕೆ ಇನ್ನೊಂದು ಹಣ್ಣನ್ನು ಚೀಲಕ್ಕೆ ಹಾಕಿದಳು. ಲೆಕ್ಕ ತಪ್ಪಿತೇನೋ ಎಂದು ಹಿಂದಿರುಗಿಸಹೋದೆ. ಜೊತೆಗಿದ್ದ ಹುಡುಗ ತಡೆದ: "ಅದು ನ್ಟೊಸೊ, ಸಿಸ್ಟರ್. ಬೇಡ ಅನ್ನಬಾರದು."

ನ್ಟೊಸೊ ಅಂದರೆ ನಮ್ಮ ಕೊಸರು.

ಮರುದಿನ ಭಾನುವಾರ, ಗುಡ್ಡದ ಮೇಲಿನ ಅಕ್ರೊಪಾಂಗ್ ಊರಿನ ಚರ್ಚು. ಕಾಣಿಕೆಯ ಹೊತ್ತಿಗೆ ಹುಟ್ಟಿದ ವಾರದ ಪ್ರಕಾರ ಜನರನ್ನು ಕರೆದರು. ಸೋಮವಾರದವರು, ಮಂಗಳವಾರದವರು ಹೀಗೆ ಒಂದೊಂದೇ ಗುಂಪು ಕುಣಿಯುತ್ತ ಮುಂದೆ ಹೋಯಿತು. ಯಾವ ವಾರದವರು ಹೆಚ್ಚು ಕೊಟ್ಟರೆಂಬ ಪೈಪೋಟಿ, ನಗು. ನಾನು ಅತಿಥಿಯಂತೆ ಕೂತೇ ಇದ್ದೆ. ಪಕ್ಕದ ಅಜ್ಜಿ ಕೇಳಿ ತಿಳಿದುಕೊಂಡರು: ಬುಧವಾರ ಹುಟ್ಟಿದವಳು. "ಹಾಗಾದರೆ ನೀನು ಅಕುವಾ, ಏಳು" ಎಂದು ಕೈಹಿಡಿದು ಎಬ್ಬಿಸಿದರು. ಆ ಸಾಲಿನಲ್ಲಿ ನಾನು ದಾನಿಯಲ್ಲ, ಬರೀ ಬುಧವಾರದವಳು.

ದಾನಕ್ಕೂ ಕೊಸರಿಗೂ ಇರುವ ವ್ಯತ್ಯಾಸ ನನಗೆ ಅಲ್ಲಿ ಹೊಳೆಯಿತು. ದಾನ ಬಹಳ ಸಲ ಕೊಡುವವರ ಅಟ್ಟದಿಂದ ಕೆಳಗಿಳಿಯುತ್ತದೆ. ಕೊಸರು ಎದುರುಬದುರು ನಿಂತವರ ನಡುವೆ ಹುಟ್ಟುತ್ತದೆ. ಬೆಲೆ ತೀರಿದ ಮೇಲೆ, ಋಣವೇ ಇಲ್ಲದಾಗ, ಇನ್ನೊಂದು ಹಣ್ಣು. ಅದನ್ನು ಪಡೆದವರು ಕುಗ್ಗಬೇಕಿಲ್ಲ. ಹಾಗೆಂದು ಹಸಿದವರೆದುರು ಈ ತತ್ವ ಹೇಳುತ್ತ ನಿಂತರೆ ಅದು ಕ್ರೌರ್ಯ. ಹಸಿವಿಗೆ ಮೊದಲು ಅನ್ನ ಬೇಕು. ಆದರೆ ಯಾರನ್ನೂ ಕೇಳದೆ, ಯಾರನ್ನೂ ನೋಡದೆ, 'ಪಾಪ' ಎಂದುಕೊಂಡು ಪೆಟ್ಟಿಗೆ ತುಂಬಿದ್ದು ಯಾರ ಹಸಿವಿಗೆ?

ಬಟ್ಟೆಯ ವಿಷಯವನ್ನು ಅಳುಕುತ್ತಲೇ ಅಜ್ಜಿಗೆ ಹೇಳಿದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಎರಡನ್ನು ನೆಲ ಒರೆಸಲೆಂದು ಬದಿಗಿಟ್ಟರು. "ಉಳಿದದ್ದು ಚೆನ್ನಾಗಿದೆ. ಹಂಚುವುದು ಬೇಡ, ಸಭೆಯ ಹರಾಜಿಗೆ ಇಡೋಣ. ಬೇಕಾದವರು ಬೆಲೆ ಕೂಗಲಿ."

ಹರಾಜಿನಲ್ಲಿ ನಾನೂ ಒಂದು ಗೆಣಸಿನ ಗಡ್ಡೆಗೆ ಬೆಲೆ ಕೂಗಿ ಗೆದ್ದೆ. ದುಡ್ಡು ಕೊಟ್ಟು ತಿರುಗುವಾಗ, ಅಜ್ಜಿ ಸದ್ದಿಲ್ಲದೆ ನನ್ನ ಚೀಲಕ್ಕೆ ಒಂದು ಕಿತ್ತಳೆ ಹಾಕಿದರು. ಈ ಸಲ ನಾನು ಬೇಡ ಅನ್ನಲಿಲ್ಲ.